ನಾನು ಅಳಿಸಿದ ಕೂದಲು

ಮೂಡುಬಿದಿರೆಯಿಂದ ಬೆಳ್ತಂಗಡಿಯ ತನಕ ನನ್ನ ಬ್ರಷ್ಷಿನಿಂದ ತಲೆಯಲ್ಲಿ ಕೂದಲು ಬಂದವರು ಎಷ್ಟು ಮಂದಿ ಇದ್ದಾರೋ, ನಾನು ಲೆಕ್ಕ ಇಟ್ಟಿಲ್ಲ. ಕೊಚ್ಚಿಕೊಳ್ಳುತ್ತಿದ್ದಾಳೆ ಅಂತ ನಿಮಗೆ ಅನಿಸಿದರೆ ಅನಿಸಲಿ. ಕೆಲಸ ಗೊತ್ತಿರುವವರು ಸ್ವಲ್ಪ ಕೊಚ್ಚಿಕೊಂಡರೆ ಏನೂ ಮುಳುಗಿ ಹೋಗುವುದಿಲ್ಲ. ತೊಂಬತ್ತರ ದಶಕದಲ್ಲಿ ಹುಡುಗಿ ಮನೆಗೆ ಕಳುಹಿಸುವ ಫೋಟೋ ತೆಗೆಸಲಿಕ್ಕೆ ನಮ್ಮ ಸ್ಟುಡಿಯೋಕ್ಕೆ ಬರುತ್ತಿದ್ದ ಗಂಡುಗಳು ಮೊದಲು ಮಾತಾಡಿಸುತ್ತಿದ್ದದ್ದು ಫೋಟೋ ತೆಗೆಯುವ ನನ್ನ ಅಪ್ಪನನ್ನಲ್ಲ, ಮೂಲೆಯಲ್ಲಿ ಕೂತ ನನ್ನನ್ನು. "ಇಲ್ಲಿ ಸ್ವಲ್ಪ ನೋಡಿಕೊಳ್ತೀರಲ್ಲ ಅಕ್ಕ?" ಅಂತ ಹಣೆಯ ಮೇಲ್ಭಾಗದಲ್ಲಿ ಬೆರಳು ಆಡಿಸುತ್ತಿದ್ದರು. ನೋಡಿಕೊಳ್ತೇನೆ ಅನ್ನುತ್ತಿದ್ದೆ.

ನನ್ನ ಕೆಲಸಕ್ಕೆ ಟಚಿಂಗ್ ಅಂತ ಹೆಸರು. ಇಳಿಜಾರು ಮೇಜು, ಅದರಲ್ಲಿ ಒಂದು ಗಾಜು, ಗಾಜಿನ ಅಡಿಯಲ್ಲಿ ಕಿಟಕಿಯ ಬೆಳಕನ್ನು ಮೇಲಕ್ಕೆ ಕಳಿಸುವ ಕನ್ನಡಿ. ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿದರೆ ಮುಖದ ಕಲೆ ಹೋಗುತ್ತದೆ. ಪ್ರಿಂಟಿನ ಮೇಲೆ ಸಪೂರ ಬ್ರಷ್ ಆಡಿಸಿದರೆ ಕೂದಲು ಬರುತ್ತದೆ. ಧೂಳಿನ ಚುಕ್ಕೆ, ಗೀರು, ಕೂದಲೆಳೆಯಷ್ಟು ಸಣ್ಣ ಗೆರೆ ಎಲ್ಲಿ ಕಂಡರೂ ಕೈ ತಾನಾಗಿಯೇ ಹೋಗಿ ಅದನ್ನು ಮುಚ್ಚುತ್ತಿತ್ತು. "ಇಟ್ಟ ಕೂದಲು ಇಟ್ಟ ಹಾಗೆ ಕಾಣಬಾರದು" ಎಂಬುದೊಂದೇ ಅಪ್ಪ ಕಲಿಸಿದ ಪಾಠ. ಅಳದಂಗಡಿಯ ಒಬ್ಬ ಮಾಸ್ಟ್ರು ತನ್ನ ಫೋಟೋ ನೋಡಿ, ಕನ್ನಡಿಯ ಎದುರು ಹೋಗಿ ನಿಂತು, ಮತ್ತೆ ಫೋಟೋ ನೋಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪಾಪ, ಯಾವುದು ಸರಿ ಅಂತ ಅವರಿಗೇ ಸಂಶಯ ಬಂದಿತ್ತು.

ಆಮೇಲೆ ಬಂತು ನೋಡಿ ಡಿಜಿಟಲ್. ಅಪ್ಪ ಹೋಗಿ ಎರಡು ವರ್ಷ ಆಗಿತ್ತು, ಸ್ಟುಡಿಯೋ ನನ್ನ ಕೈಗೆ ಬಂದಿತ್ತು. ಬ್ರಷ್ ಒಣಗಿತು, ಡಾರ್ಕ್ ರೂಮಿನಲ್ಲಿ ಹಳೆ ಕುರ್ಚಿ ತುಂಬಿದವು. ಮೊದಲ ಆರು ತಿಂಗಳು ಆ ಕಂಪ್ಯೂಟರಿನ ಮುಖ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಸೋಲುವ ಜಾತಿ ನನ್ನದಲ್ಲ. ಮೌಸ್ ಹಿಡಿದು ಹಿಡಿದು ಮಣಿಕಟ್ಟು ಊದಿಸಿಕೊಂಡೆ, ಕಲಿತೆ. ಒಂದು ವರ್ಷದಲ್ಲಿ ಬ್ರಷ್ಷಿನಲ್ಲಿ ಅರ್ಧ ದಿನ ಹಿಡಿಯುತ್ತಿದ್ದ ಕೆಲಸ ಹತ್ತು ನಿಮಿಷಕ್ಕೆ ಬಂತು. ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷ ಆಗಿತ್ತು ಆಗ.

ನಮ್ಮ ಕಟ್ಟಡದ ಮಾಳಿಗೆಯಲ್ಲಿ ಚರ್ಮದ ಡಾಕ್ಟ್ರೊಬ್ಬರು ಕ್ಲಿನಿಕ್ ಇಟ್ಟಿದ್ದರು. ಹೆಂಗಸು, ನನಗಿಂತ ಹತ್ತು ವರ್ಷಕ್ಕೆ ಚಿಕ್ಕವರು, ಬಹಳ ಚುರುಕು. ಒಂದು ದಿನ ಮಧ್ಯಾಹ್ನ ಕೆಳಗೆ ಇಳಿದು ಬಂದು, "ಅಕ್ಕ, ನೀವು ಕೂದಲಿನ ಫೋಟೋ ತೆಗೀತೀರಾ?" ಅಂತ ಕೇಳಿದರು.

"ಕೂದಲಿನದ್ದೇ ಅಲ್ವಾ ಡಾಕ್ಟ್ರೇ ನಾನು ಇಷ್ಟು ವರ್ಷ ಮಾಡಿದ್ದು?"

"ಹಾಗಲ್ಲ. ಇಡ್ಲಿಕ್ಕೆ ಅಲ್ಲ, ಎಣಿಸ್ಲಿಕ್ಕೆ."

ಅವರು ಕೂತು ವಿವರಿಸಿದರು. ಕೂದಲು ಉದುರುತ್ತದೆ ಅಂತ ಬರುವವರಿಗೆ ಮದ್ದು ಕೊಟ್ಟರೆ ಅದು ಕೆಲಸ ಮಾಡುತ್ತದೋ ಇಲ್ಲವೋ ಕಣ್ಣಂದಾಜಿನಲ್ಲಿ ಗೊತ್ತಾಗುವುದಿಲ್ಲ. ರೋಗಿ ಒಂದು ಹೇಳುತ್ತಾರೆ, ಮನೆಯವರು ಇನ್ನೊಂದು. ಅದಕ್ಕೆ ತಲೆಯಲ್ಲಿ ಬೆರಳುಗುರಿನಷ್ಟು ಜಾಗದ ಕೂದಲನ್ನು ಎಳ್ಳಿನಷ್ಟು ಉದ್ದಕ್ಕೆ ಕತ್ತರಿಸಿ, ಹತ್ತಿರದಿಂದ ಡಿಜಿಟಲ್ ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ಒಂದೊಂದನ್ನೇ ಎಣಿಸಬೇಕು. ಆರು ತಿಂಗಳ ಮೇಲೆ ಅದೇ ಜಾಗದಲ್ಲಿ ಮತ್ತೆ ತೆಗೆದು ಮತ್ತೆ ಎಣಿಸಬೇಕು. ಅಂಕಿ ಏರಿದರೆ ಮದ್ದು ಹಿಡಿದಿದೆ ಅಂತ ಅರ್ಥ.

ನನಗೆ ನಗು ಬಂತು, ಹೆಮ್ಮೆಯೂ ಆಯಿತು. ಇಡೀ ತಾಲೂಕಿಗೆ ಸುಳ್ಳು ಕೂದಲು ಹಂಚಿದವಳಿಗೆ ನಿಜ ಕೂದಲಿನ ಲೆಕ್ಕ ಬರೆಯುವ ಕೆಲಸ! ಆಗ್ತದೆ ಅಂದೆ. ಲೆನ್ಸಿನ ತುದಿಗೆ ಸಣ್ಣ ಗಾಜಿನ ಬಿಲ್ಲೆಯೊಂದನ್ನು ಅಂಟಿಸಿ, ಅದರ ಅಂಚಿಗೆ ಅಳತೆಯ ಗೆರೆ ಹಚ್ಚಿದೆ. ಆ ಬಿಲ್ಲೆಯನ್ನು ತಲೆಗೆ ಒತ್ತಿ ಹಿಡಿದರೆ ಕೂದಲು ಅಲ್ಲಾಡದೆ ಚಪ್ಪಟೆಯಾಗಿ ಮಲಗುತ್ತಿತ್ತು. ಎಣಿಸುವಾಗ ಎರಡು ಸಲ ಬಾರದ ಹಾಗೆ ಪ್ರತಿಯೊಂದು ಕೂದಲಿನ ಮೇಲೆ ಮೌಸಿನಿಂದ ಕೆಂಪು ಚುಕ್ಕೆ ಇಡುತ್ತಿದ್ದೆ.

ಹಾಗೆ ಬಂದವರಲ್ಲಿ ಒಬ್ಬಳು ಪುಂಜಾಲಕಟ್ಟೆಯ ಬ್ಯಾರಿ ಮನೆಯ ಸೊಸೆ. ಇಪ್ಪತ್ತಾರೋ ಇಪ್ಪತ್ತೇಳೋ ವರ್ಷ, ಗಂಡ ದುಬೈಯಲ್ಲಿ, ಮೂರು ವರ್ಷದ ಮಗಳು. ಹೆರಿಗೆ ಆದ ಮೇಲೆ ಉದುರಲು ಸುರುವಾದದ್ದು ನಿಲ್ಲಲೇ ಇಲ್ಲವಂತೆ. ಫೋಟೋ ತೆಗೆಯುವುದು ಹೆಂಗಸು ಅಂತ ಗೊತ್ತಾದ ಮೇಲೆಯೇ ಒಳಗೆ ಬಂದಳು. ನಾನು ಬಾಗಿಲು ಹಾಕಿ ಬಂದ ಮೇಲೆ ತಲೆಯ ವಸ್ತ್ರ ಬಿಚ್ಚಿದಳು. ಬೈತಲೆ ಬೆರಳಿನಷ್ಟು ಅಗಲವಾಗಿತ್ತು.

"ಸೊಂಟದ ತನಕ ಇತ್ತು ಅಕ್ಕ" ಅಂದಳು. "ಎಲ್ಲರೂ ಹೇಳ್ತಾರೆ, ಹೇಗೂ ತಲೆಗೆ ವಸ್ತ್ರ ಉಂಟಲ್ಲ, ಯಾರು ನೋಡ್ತಾರೆ ಅಂತ. ನಾನು ನೋಡುವುದಿಲ್ವಾ?"

ಆ ಮಾತು ನನಗೆ ನಾಟಿತು.

ಅವಳ ಸಂಕಟ ಬರೇ ಕೂದಲಿನದ್ದಲ್ಲ. ಡಾಕ್ಟ್ರ ಮದ್ದು ಹಚ್ಚಲು ಸುರು ಮಾಡಿದ ಮೊದಲ ವಾರಗಳಲ್ಲಿ ಕೂದಲು ಇನ್ನೂ ಹೆಚ್ಚು ಉದುರುವುದುಂಟು. ಹಾಗೆ ಆಗ್ತದೆ ಅಂತ ಡಾಕ್ಟ್ರು ಮೊದಲೇ ಹೇಳಿದ್ದರು. ಆದರೆ ಮನೆಯಲ್ಲಿ ಬಾಚಣಿಗೆ ನೋಡಿದ ಅತ್ತೆ ಹೌಹಾರಿದ್ದರು. ಮದ್ದೇ ಕೂದಲು ತಿನ್ನುತ್ತದೆ, ಅದನ್ನು ಬಿಸಾಡಿ ಮನೆಯಲ್ಲಿ ಕಾಯಿಸಿದ ಎಣ್ಣೆ ಹಚ್ಚು ಅಂತ ಅವರ ಹಟ. ಕೊನೆಗೆ ಇಬ್ಬರಿಗೂ ಒಂದು ಒಪ್ಪಂದ ಆಯಿತು. ಆರು ತಿಂಗಳು ಮದ್ದು, ಆಮೇಲೆ ಫೋಟೋದ ಅಂಕಿ. ಏರಿದರೆ ಅತ್ತೆ ಬಾಯಿ ಬಿಡುವಂತಿಲ್ಲ, ಏರದಿದ್ದರೆ ಸೊಸೆ ಮದ್ದು ಮುಟ್ಟುವಂತಿಲ್ಲ. ಅವಳು ಮಾತು ಕೊಟ್ಟು ಬಂದಿದ್ದಳು. ಕೊಟ್ಟ ಮಾತು ತಪ್ಪುವವಳಲ್ಲ ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಆರು ತಿಂಗಳ ಮೇಲೆ ಅದೇ ಜಾಗ ಸಿಗಬೇಕಲ್ಲ, ಅದಕ್ಕೆ ಡಾಕ್ಟ್ರು ಅಲ್ಲಿ ಸಣ್ಣದೊಂದು ಹಚ್ಚೆಯ ಚುಕ್ಕೆ ಇಡುವ ಅಂದರು. ಅವಳು ಎರಡೂ ಕೈ ಅಡ್ಡ ಹಿಡಿದಳು. ಹಚ್ಚೆ ನಮ್ಮಲ್ಲಿ ಆಗುವುದಿಲ್ಲ ಅಂದಳು. ಡಾಕ್ಟ್ರು ತಲೆ ಕೆರೆದುಕೊಂಡರು. ನಾನು ಕೆರೆದುಕೊಳ್ಳಲಿಲ್ಲ. ಹಳೆಯ ಎಕ್ಸ್‌ರೇ ಫಿಲ್ಮೊಂದನ್ನು ಬಿಸಿನೀರಿನಲ್ಲಿ ತೊಳೆದು, ಪಾರದರ್ಶಕ ಮಾಡಿ, ಅವಳ ತಲೆಯ ಅಳತೆಗೇ ಕತ್ತರಿಸಿದೆ. ಒಂದು ತುದಿ ಮೂಗಿನ ಬುಡಕ್ಕೆ, ಎರಡು ರೆಕ್ಕೆ ಎರಡು ಕಿವಿಯ ಮೇಲ್ತುದಿಗೆ, ನೆತ್ತಿಯ ಮೇಲೆ ಒಂದು ತೂತು. ಅದೃಷ್ಟಕ್ಕೆ ಆ ತೂತಿನ ಅಂಚಿನಲ್ಲಿ ಅವಳಿಗೆ ಹುಟ್ಟಿನಿಂದ ಇದ್ದ ಒಂದು ಮಚ್ಚೆಯೂ ಸಿಕ್ಕಿತು. ಇನ್ನು ತಪ್ಪುವ ಮಾತೇ ಇಲ್ಲ. "ಇದನ್ನು ಯಾರು ಹೇಳಿಕೊಟ್ಟದ್ದು?" ಅಂತ ಡಾಕ್ಟ್ರು ಕೇಳಿದರು. ಯಾರು ಹೇಳಿಕೊಡ್ತಾರೆ, ನನ್ನ ತಲೆ ಅಂದೆ.

ಮೊದಲ ಫೋಟೋವನ್ನು ಡಾಕ್ಟ್ರು ಪಕ್ಕದಲ್ಲೇ ನಿಂತು, ತೆಗೆದ ಹಾಗೆಯೇ ಕಂಪ್ಯೂಟರಿಗೆ ಹಾಕಿಸಿ, ಅವಸರದಲ್ಲಿ ಎಣಿಸಿದ್ದು. ಎಪ್ಪತ್ತೆಂಟು.

ಆರು ತಿಂಗಳು ಕಳೆದು ಅವಳು ಬಂದಳು. ಡಾಕ್ಟ್ರಿಗೆ ಮೇಲೆ ಜನ ತುಂಬಿದ್ದರು. ಕೂದಲು ಕತ್ತರಿಸಿಕೊಟ್ಟು, "ಫೋಟೋ ತೆಗೆದು ಎಣಿಸಿ ತನ್ನಿ ಅಕ್ಕ" ಅಂತ ಕೆಳಗೆ ಕಳಿಸಿದರು. ಫೋಟೋ ಚೆನ್ನಾಗಿಯೇ ಬಂತು. ಆದರೆ ತೆರೆಯ ಮೇಲೆ ದೊಡ್ಡದು ಮಾಡಿದಾಗ ದಪ್ಪ ಕೂದಲುಗಳ ನಡುವೆ ಸಪೂರ ಸಪೂರ ಗೆರೆಗಳು, ಮಾಸಲು ಬಣ್ಣದವು. ಛೆ, ಗಾಜಿನ ಬಿಲ್ಲೆಗೆ ಗೀರು ಬಿದ್ದಿದೆ ಅಂದುಕೊಂಡೆ. ಈ ಫೋಟೋ ಪುಂಜಾಲಕಟ್ಟೆಯ ಆ ಅತ್ತೆಯ ಕೈಗೆ ಹೋಗುವಂಥದ್ದು, ಗಲೀಜು ಕಾಣಬಾರದು. ಅವಳನ್ನು ಹೊರಗೆ ಕೂರಿಸಿ, ಇಪ್ಪತ್ತು ನಿಮಿಷ ಕೂತು ಒಂದೊಂದು ಗೆರೆಯನ್ನೂ ಅಳಿಸಿದೆ. ಎಷ್ಟು ಚಂದ ಆಯಿತು ಅಂದರೆ, ನಾನೇ ಒಮ್ಮೆ ಹಿಂದೆ ಸರಿದು ನೋಡಿದೆ. ಆಮೇಲೆ ಎಣಿಸಿದೆ.

ಎಪ್ಪತ್ತಾರು.

ಮತ್ತೆ ಎಣಿಸಿದೆ. ಎಪ್ಪತ್ತಾರೇ. ಅವಳನ್ನು ಕರೆದುಕೊಂಡು ಮೇಲೆ ಹೋಗಿ ಡಾಕ್ಟ್ರಿಗೆ ಅಂಕಿ ತೋರಿಸಿದೆ. ಕೆಲವರಿಗೆ ಹಿಡಿಯುವುದಿಲ್ಲಮ್ಮ ಅಂದರು. ಅವಳು ಅಳಲಿಲ್ಲ. ವಸ್ತ್ರವನ್ನು ತಲೆಗೆ ಸುತ್ತಿ, ಪಿನ್ನನ್ನು ಬಾಯಲ್ಲಿ ಕಚ್ಚಿ ಹಿಡಿದು, ಗಟ್ಟಿ ಎಳೆದು ಚುಚ್ಚಿದಳು. ಬ್ಯಾಗಿನಿಂದ ಅರ್ಧ ಉಳಿದ ಮದ್ದಿನ ಬಾಟ್ಲಿ ತೆಗೆದು ಡಾಕ್ಟ್ರ ಮೇಜಿನ ಮೇಲೆ ಇಟ್ಟಳು. "ಇದು ಇನ್ನು ನನಗೆ ಬೇಡ" ಅಂದು ಮೆಟ್ಟಿಲು ಇಳಿದು ಹೋದಳು.

ನನಗೆ ಆ ದಿನವೆಲ್ಲ ಸಿಟ್ಟು. ಯಾರ ಮೇಲೆ ಅಂತ ಗೊತ್ತಿಲ್ಲ, ಸುಮ್ಮನೆ ಗಾಜಿನ ಮೇಲೆ ತಿರುಗಿತು. ಮರುದಿನ ಬೆಳಿಗ್ಗೆ ಸ್ಟುಡಿಯೋ ತೆರೆದವಳೇ ಆ ಬಿಲ್ಲೆಯನ್ನು ಬಿಚ್ಚಿದೆ, ಬದಲಾಯಿಸುವ ಅಂತ. ಗೀರು ಎಲ್ಲಿ ಬಿದ್ದಿದೆ ನೋಡುವ ಅಂತ ಕಿಟಕಿಯ ಬೆಳಕಿಗೆ ಹಿಡಿದೆ. ತಿರುಗಿಸಿ ಹಿಡಿದೆ. ಸೆರಗಿನಿಂದ ಒರಸಿ ಹಿಡಿದೆ. ಗಾಜಿನಲ್ಲಿ ಒಂದೇ ಒಂದು ಗೀರು ಇರಲಿಲ್ಲ.

ಹಾಗಾದರೆ ನಾನು ನಿನ್ನೆ ಅಳಿಸಿದ್ದು ಎಂತದ್ದು?

ಅಯ್ಯೋ ದೇವರೇ! ಕ್ಯಾಮೆರಾದ ಕಾರ್ಡಿನಲ್ಲಿ ಮೂಲ ಫೋಟೋ ಇನ್ನೂ ಇತ್ತು. ತೆರೆಗೆ ಹಾಕಿ, ಎಷ್ಟು ದೊಡ್ಡದು ಆಗುತ್ತದೋ ಅಷ್ಟು ಮಾಡಿದೆ. ಗೀರು ಅಂದುಕೊಂಡ ಗೆರೆಗಳೆಲ್ಲ ಒಂದೇ ಕಡೆಗೆ ವಾಲಿದ್ದವು. ಒಂದೊಂದರ ಬುಡದಲ್ಲೂ ಸಣ್ಣದೊಂದು ರಂಧ್ರ. ಗೀರಿಗೆ ಬುಡ ಎಲ್ಲಿಂದ ಬರಬೇಕು? ಹೊಸ ಕೂದಲು ಅದು, ಹುಟ್ಟಿದ ಕೂಸಿನ ತಲೆಯಲ್ಲಿ ಇರುವ ಹಾಗೆ ಎಳೆಯದು. ಚುಕ್ಕೆ ಇಟ್ಟು ಎಣಿಸಿದೆ. ನೂರ ಒಂಬತ್ತು. ಆ ಹುಡುಗಿ ಆರು ತಿಂಗಳು ಮನೆಯಲ್ಲಿ ಮಾತು ಕೇಳಿಸಿಕೊಂಡು ಬೆಳೆಸಿದ ಮೂವತ್ತಮೂರು ಕೂದಲನ್ನು, ನಾನು, ಟಚಿಂಗಿನ ಮಹಾರಾಣಿ, ಇಪ್ಪತ್ತು ನಿಮಿಷದಲ್ಲಿ ಬೋಳಿಸಿಬಿಟ್ಟಿದ್ದೆ.

ಹೇಳದೆ ಇರಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೆಲಸದಲ್ಲಿ ತಪ್ಪು ಅಂತ ನಾನು ಅದುವರೆಗೆ ಯಾರ ಎದುರೂ ಒಪ್ಪಿದವಳಲ್ಲ, ಅಪ್ಪನ ಎದುರೂ. ಆದರೆ ಅವಳು ಬಾಟ್ಲಿ ಇಟ್ಟು ಹೋದದ್ದು ಕಣ್ಣಿಗೆ ಕಟ್ಟಿದ ಹಾಗೆ ಇತ್ತು. ಮೆಟ್ಟಿಲು ಹತ್ತಿ ಡಾಕ್ಟ್ರಿಗೆ ಹೇಳಿದೆ. ಅವರು ಎರಡೂ ಫೋಟೋ ನೋಡಿದರು. "ಅಕ್ಕ, ಇನ್ನು ಮೇಲೆ ನನ್ನ ರೋಗಿಯ ಫೋಟೋಕ್ಕೆ ಟಚಿಂಗ್ ಮಾಡಿದ್ರೆ ನಾನು ಏನು ಮಾಡ್ತೇನೆ ನನಗೇ ಗೊತ್ತಿಲ್ಲ" ಅಂದರು. ಬೈಸಿಕೊಂಡೆ. ಬೈಸಿಕೊಳ್ಳಬೇಕಾದದ್ದೇ.

ಪುಂಜಾಲಕಟ್ಟೆಗೆ ಫೋನ್ ಮಾಡಿದೆ. ಎತ್ತಿದ್ದು ಅತ್ತೆ. ನಾನು ತುಳುವಿನಲ್ಲಿ ನಡೆದದ್ದನ್ನೆಲ್ಲ ಹೇಳಿದೆ, ತಪ್ಪು ನನ್ನದು, ಅಂಕಿ ಎಪ್ಪತ್ತಾರಲ್ಲ, ನೂರ ಒಂಬತ್ತು ಅಂದೆ. ಆ ಕಡೆಯಿಂದ ಒಂದು ನಗು ಬಂತು.

"ನಿನ್ನೆ ಒಂದು ಅಂಕಿ, ಇವತ್ತು ಒಂದು. ನಾಳೆ ಎಷ್ಟು ಮಾರಾಯ್ತಿ?"

"ಉಮ್ಮ, ನಾನು ಸುಳ್ಳು ಹೇಳ್ತಾ ಇಲ್ಲ."

"ನೀನು ಯಾರು ಅಂತ ನನಗೆ ಗೊತ್ತುಂಟು. ಮದುವೆಗೆ ಮೊದಲು ನನ್ನ ಮಗನ ಫೋಟೋಕ್ಕೆ ಕೂದಲು ಇಟ್ಟವಳು ನೀನೇ ಅಲ್ವಾ? ಅವನ ಹಣೆ ಇತ್ತು ಇಷ್ಟಗಲ. ಫೋಟೋದಲ್ಲಿ ಕಾಡು! ಅವನಿಗೆ ಇಟ್ಟವಳಿಗೆ ಅವನ ಹೆಂಡತಿಗೆ ಇಡ್ಲಿಕ್ಕೆ ಎಷ್ಟು ಹೊತ್ತು?"

ಹೌದು, ನಾನೇ ಇಟ್ಟದ್ದು. ಕಣ್ಣು ಮುಚ್ಚಿದರೆ ಆ ಹಣೆ ಈಗಲೂ ಕಾಣುತ್ತದೆ. ಹದಿನೈದು ವರ್ಷ ಯಾವುದನ್ನು ಕೊಚ್ಚಿಕೊಂಡು ಬಂದೆನೋ ಅದೇ ಈಗ ನನ್ನ ಕುತ್ತಿಗೆ ಹಿಡಿದಿತ್ತು. ನಿಜ ಹೇಳುತ್ತೇನೆ, ಬೇರೆ ಯಾರಾದರೂ ಆಗಿದ್ದರೆ ನಾನು ಫೋನ್ ಇಟ್ಟುಬಿಡುತ್ತಿದ್ದೆ. ಆದರೆ ನನ್ನ ಸಿಟ್ಟು ಆ ದಿನ ಒಳ್ಳೆಯ ಕೆಲಸಕ್ಕೆ ಬಂತು.

"ನನ್ನ ಮಾತು ನಂಬಬೇಡಿ" ಅಂದೆ. "ನೀವೇ ಬನ್ನಿ. ನಿಮ್ಮ ಎದುರು ಫೋಟೋ ತೆಗೀತೇನೆ. ಎಣಿಸುವುದು ನೀವು. ನಿಮ್ಮ ಅಂಕಿ ಏನು ಬರ್ತದೋ ಅದೇ ಕಡೆಯದ್ದು."

"ಬರ್ತೇನೆ" ಅಂದರು. ಹೆದರಿಸಿದ ಹಾಗೆ ಇತ್ತು ಆ ಸ್ವರ.

ಸೋಮವಾರ ಇಬ್ಬರೂ ಬಸ್ಸಿನಿಂದ ಇಳಿದರು. ಅತ್ತೆ ಗಿಡ್ಡ ದೇಹದವರು, ಬಿಳಿ ವಸ್ತ್ರ, ದಪ್ಪ ಕನ್ನಡಕ. ಒಳಗೆ ಬಂದವರು ಕ್ಯಾಮೆರಾವನ್ನು, ಕಂಪ್ಯೂಟರನ್ನು, ನನ್ನನ್ನು ಒಂದೇ ಸಂಶಯದಲ್ಲಿ ನೋಡಿದರು. ಡಾಕ್ಟ್ರು ಇಳಿದು ಬಂದು ಬೆಳೆದಿದ್ದ ಕೂದಲನ್ನು ಮತ್ತೆ ಎಳ್ಳಿನಷ್ಟಕ್ಕೆ ಕತ್ತರಿಸಿ ಹೋದರು. ನಾನು ಬಾಗಿಲು ಹಾಕಿದೆ. ಫಿಲ್ಮನ್ನು ಸೊಸೆಯ ತಲೆಗೆ ಇಡಲು ಅತ್ತೆಯ ಕೈಯಲ್ಲೇ ಕೊಟ್ಟೆ. ಮೂಗಿನ ಬುಡ, ಎರಡು ಕಿವಿ, ಮಚ್ಚೆ, ಎಲ್ಲ ಅವರೇ ಹೊಂದಿಸಿದರು. ಗಾಜಿನ ಬಿಲ್ಲೆಯನ್ನು ಬೆಳಕಿಗೆ ಹಿಡಿದು ನೋಡಲು ಕೊಟ್ಟೆ. ಅದನ್ನೂ ನೋಡಿದರು, ಉಗುರಿನಲ್ಲಿ ಕೆರೆದು ಕೂಡ ನೋಡಿದರು. ಆಮೇಲೆ ಫೋಟೋ ತೆಗೆದೆ, ಕಾರ್ಡನ್ನು ಅವರ ಕಣ್ಣೆದುರೇ ಕಂಪ್ಯೂಟರಿಗೆ ಹಾಕಿದೆ, ಫೋಟೋ ತೆರೆಯ ತುಂಬ ಬಂದ ಮೇಲೆ ಮೌಸನ್ನು ಮೇಜಿನಿಂದ ದೂರ ಇಟ್ಟು ಕೈ ಕಟ್ಟಿ ನಿಂತೆ.

"ಸೂಡಿ ಕಡ್ಡಿ ಉಂಟಾ?" ಅಂತ ಕೇಳಿದರು.

ನೆಲ ಗುಡಿಸುವ ಹಿಡಿಸೂಡಿಯಿಂದ ಒಂದು ಕಡ್ಡಿ ಎಳೆದು ಕೊಟ್ಟೆ. ಕಡ್ಡಿಯ ತುದಿಯನ್ನು ತೆರೆಯ ಮೇಲಿನ ಮೂಲೆಗೆ ತಾಗಿಸಿ ಬ್ಯಾರಿ ಭಾಷೆಯಲ್ಲಿ ಎಣಿಸಲು ಸುರು ಮಾಡಿದರು. ಇಪ್ಪತ್ತೈದು ಆದ ಕೂಡಲೇ ಎಡಗೈಯ ಒಂದು ಬೆರಳು ಮಡಿಸಿದರು. ಮತ್ತೆ ಒಂದರಿಂದ. ಎಂತ ಲೆಕ್ಕ ಇದು ಅಂತ ನಾನು ಸೊಸೆಯ ಮುಖ ನೋಡಿದೆ.

"ಮಾಮಿ ಮೂವತ್ತು ವರ್ಷ ಬೀಡಿ ಕಟ್ಟಿದ್ದಾರೆ" ಅಂತ ಅವಳು ಮೆಲ್ಲ ಹೇಳಿದಳು. "ಇಪ್ಪತ್ತೈದಕ್ಕೆ ಒಂದು ಕಟ್ಟು."

ನಾನು ತಪ್ಪು ಮಾಡಿದ ಜಾಗದಲ್ಲಿ ಆ ಹೆಂಗಸು ತಪ್ಪು ಮಾಡುವುದು ಸಾಧ್ಯವೇ ಇರಲಿಲ್ಲ. ಮೂವತ್ತು ವರ್ಷ ಎಲೆಯ ನಾರು, ದಾರ, ಹೊಗೆಸೊಪ್ಪಿನ ಎಳೆ ನೋಡಿದ ಕಣ್ಣು. ಸಪೂರದ್ದು, ದಪ್ಪದ್ದು ಅಂತ ಭೇದ ಇಲ್ಲ. ಬುಡ ಇದ್ದರೆ ಲೆಕ್ಕಕ್ಕೆ, ಇಲ್ಲದಿದ್ದರೆ ಇಲ್ಲ. ಅವರು ಎಣಿಸುವುದನ್ನು ನೋಡುತ್ತಾ ನಾನೂ ಮನಸ್ಸಿನಲ್ಲಿ ಎಣಿಸುತ್ತಾ ಹೋದೆ. ಸೊಸೆ ವಸ್ತ್ರ ಬಿಚ್ಚಿದ ತಲೆಯಲ್ಲಿ ಸ್ಟೂಲಿನ ಮೇಲೆ ಕೂತು ತೆರೆಯನ್ನು ನೋಡದೆ ಅತ್ತೆಯ ಎಡಗೈಯನ್ನೇ ನೋಡುತ್ತಿದ್ದಳು. ಮೂರನೆಯ ಬೆರಳು ಮಡಿಸಿದರು. ಎಪ್ಪತ್ತೈದು. ಒಂದು, ಎರಡು, ಮೂರು. ನಾಲ್ಕು ಅಂದು ಮೊದಲಿನ ಎಪ್ಪತ್ತೆಂಟನ್ನು ದಾಟಿದಾಗ ಅವಳ ಕೈ ಬಾಯಿಗೆ ಹೋಯಿತು. ಕಡ್ಡಿ ನಿಲ್ಲಲಿಲ್ಲ. ನಾಲ್ಕನೆಯ ಬೆರಳನ್ನೂ ಮಡಿಸಿದರು.

ಕಡೆಗೆ ಕಡ್ಡಿ ಕೆಳಗೆ ಇಟ್ಟು ಕನ್ನಡಕ ತೆಗೆದು ಒರಸಿಕೊಂಡರು.

"ನಾಲ್ಕು ಕಟ್ಟು. ಮೇಲೆ ಹನ್ನೆರಡು."

"ಹತ್ತು" ಅಂದೆ ನಾನು. ಬಾಯಿ ಸುಮ್ಮನಿರಬೇಕಲ್ಲ! "ನನ್ನ ಲೆಕ್ಕದಲ್ಲಿ ನೂರ ಹತ್ತು ಉಮ್ಮ."

"ಇಲ್ಲಿ ನೋಡು." ಕಡ್ಡಿ ಮತ್ತೆ ಎತ್ತಿದರು. "ಇದು ಒಂದಲ್ಲ, ಒಂದೇ ತೂತಿನಲ್ಲಿ ಎರಡು. ಇದು ಸಹ. ನಿನಗೆ ಅಳಿಸ್ಲಿಕ್ಕೆ ಕಾಣ್ತದೆ, ಎಣಿಸ್ಲಿಕ್ಕೆ ಕಾಣುವುದಿಲ್ವಾ?"

ಬಗ್ಗಿ ನೋಡಿದೆ. ಹೌದು. ಒಂದಕ್ಕೊಂದು ಅಂಟಿಕೊಂಡ ಎರಡು ಜೋಡಿ. ನನ್ನ ಕಣ್ಣಿಗೆ ತಪ್ಪಿದ್ದು ಆ ದಪ್ಪ ಕನ್ನಡಕಕ್ಕೆ ಸಿಕ್ಕಿತ್ತು. ನನಗೆ ಒಂದಿಷ್ಟೂ ನಾಚಿಕೆ ಆಗಲಿಲ್ಲ. ಜೀವಮಾನದಲ್ಲಿ ನಾನು ಸೋತು ಹೆಮ್ಮೆಪಟ್ಟದ್ದು ಅಂತ ಇದ್ದರೆ ಅದೊಂದೇ. ನನ್ನ ಫೋಟೋದಲ್ಲಿ ಅಷ್ಟು ಸಣ್ಣದು ಕೂಡ ಇತ್ತು, ಇನ್ನೊಬ್ಬರ ಕಣ್ಣಿಗೆ ಕಾಣುವ ಹಾಗೆ ಇತ್ತು. ಅದಕ್ಕಿಂತ ಹೆಚ್ಚಿನ ಸರ್ಟಿಫಿಕೇಟು ನನಗೆ ಯಾರೂ ಕೊಟ್ಟಿಲ್ಲ. ಫೈಲಿನಲ್ಲಿ ನೂರ ಹನ್ನೆರಡು ಅಂತ ಬರೆದೆ. ಎಣಿಸಿದವರು ಎಂಬಲ್ಲಿ ಸಹಿ ಹಾಕಲು ಪೆನ್ನನ್ನು ಅವರಿಗೇ ಕೊಟ್ಟೆ. ಅವರು ಮದರಸದಲ್ಲಿ ಕಲಿತ ಅರಬಿ ಅಕ್ಷರದಲ್ಲಿ ಬಲದಿಂದ ಎಡಕ್ಕೆ ನಿಧಾನವಾಗಿ ಬರೆದರು.

"ಹಾಗಾದ್ರೆ ಮದ್ದು?" ಅಂತ ಸೊಸೆ ಕೇಳಿದಳು. ಎಪ್ಪತ್ತಾರು ಅಂದ ದಿನ ಅಳದವಳು ಈಗ ಕಣ್ಣು ತುಂಬಿಸಿಕೊಂಡು ಕೂತಿದ್ದಳು.

"ಮಾತು ಅಂದ್ರೆ ಮಾತು. ನಾನು ಬಾಯಿ ಬಿಡುವುದಿಲ್ಲ" ಅಂದರು ಅತ್ತೆ. ಅಂದು ಬಾಯಿ ಬಿಟ್ಟೇ ಬಿಟ್ಟರು. "ಮೇಲೆ ಹೋಗಿ ಆ ಬಾಟ್ಲಿ ತಗೊಂಡು ಹೋಗುವ. ಡಾಕ್ಟ್ರು ಎಲ್ಲಿಯಾದ್ರೂ ಬಿಸಾಡಿದ್ರೋ ಏನೋ, ಬೇಗ ಏಳು."

ಅವಳು ಎದ್ದು ವಸ್ತ್ರ ಸುತ್ತಿಕೊಂಡಳು. ಅಭ್ಯಾಸದಂತೆ ಗಟ್ಟಿ ಎಳೆದು, ಪಿನ್ನನ್ನು ನೆತ್ತಿಯ ಬಳಿ ಚುಚ್ಚಲು ಹೊರಟಳು. ಅತ್ತೆ ಅವಳ ಕೈ ಹಿಡಿದರು. ವಸ್ತ್ರವನ್ನು ತಾವೇ ಬೆರಳಿನಿಂದ ಸಡಿಲ ಮಾಡಿ, ಪಿನ್ನನ್ನು ಕಿವಿಯ ಹತ್ತಿರಕ್ಕೆ ಇಳಿಸಿದರು.

"ಅಲ್ಲಿ ಬೇಡ ಮಗಾ" ಅಂದರು. "ಅಲ್ಲಿ ಎಳೆಯದು ಉಂಟು."